ಗುಡಿ ಮುಚ್ಚಿದ ತಿಂಗಳ ಕಂತು

“ಹೊತ್ತಿಗೆ ಸರಿಯಾಗಿ ಕಂತು ಕಟ್ಟಿದವನಿಗೆ ಸಿಬಿಲ್ ಭಯ ಯಾಕ್ರೀ?” ಬ್ಯಾಂಕಿನ ಮ್ಯಾನೇಜರು ಹೇಳುವುದು ಇದನ್ನೇ. ಮೊಬೈಲಿನಲ್ಲಿ ಹಣಕಾಸಿನ ಉಪದೇಶ ಮಾಡುವವರು ಹೇಳುವುದೂ ಇದನ್ನೇ. 2025ರ ಆರಂಭದಲ್ಲಿ ಮಹಾರಾಷ್ಟ್ರದ ಮೂರ್ತಿಜಾಪುರದಲ್ಲಿ ಹುಡುಗನ ಸಿಬಿಲ್ ನೋಡಿ ಹುಡುಗಿಯ ಕಡೆಯವರು ಮದುವೆ ಮುರಿದರೆಂದು ಪತ್ರಿಕೆಗಳಲ್ಲಿ ಬಂತು. ಓದಿ ನಕ್ಕವರು ಇದ್ದರು. ವಿಚಾರಿಸಿ ನೋಡಿದ ಹುಡುಗಿಯ ಸೋದರಮಾವ ಜಾಣನೆಂದು ಮೆಚ್ಚಿದವರೂ ಇದ್ದರು. 300ರಿಂದ 900ರ ನಡುವೆ ಎಲ್ಲೋ ನಿಲ್ಲುವ ಒಂದು ಸಂಖ್ಯೆಯನ್ನು ನಾವು ಮನುಷ್ಯನ ನಡತೆಯ ಪ್ರಮಾಣಪತ್ರವೆಂದು ಒಪ್ಪಿಕೊಂಡುಬಿಟ್ಟಿದ್ದೇವೆ. ಅಂಕ ಬಿದ್ದರೆ ತಪ್ಪು ಸಾಲಗಾರನದು, ಏರಿದರೆ ಪುಣ್ಯವೂ ಅವನದೇ. ಬರೆದವರು ಯಾರು, ಬರೆದದ್ದು ಸರಿಯೇ ಎಂದು ಕೇಳುವವರಿಲ್ಲ.

ಈ ನಂಬಿಕೆ ಸುಳ್ಳು ಎಂಬುದು ನನ್ನ ವಾದ. ಅದನ್ನು ಪರೀಕ್ಷಿಸಲು ಜೇಜುರಿಗಿಂತ ತಕ್ಕ ಊರು ಸಿಗುವುದು ಕಷ್ಟ.

ಪುಣೆ ಜಿಲ್ಲೆಯ ಪುರಂದರ ತಾಲ್ಲೂಕಿನ ಜೇಜುರಿ ಖಂಡೋಬನ ಊರು. ಕನ್ನಡಿಗರಿಗೆ ಆತ ಮೈಲಾರಲಿಂಗ, ಮಲ್ಲಯ್ಯ. ನಾವು ‘ಏಳುಕೋಟಿ’ ಎಂದು ಕೂಗಿದರೆ ಅವರು ‘ಯೇಳ್ಕೋಟ್’ ಎನ್ನುತ್ತಾರೆ. ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯ ಎಷ್ಟೋ ಮನೆಗಳ ಕುಲದೇವರ ಹಾದಿ ಕೊನೆಗೆ ಆ ಗುಡ್ಡದ ಮೆಟ್ಟಿಲಿಗೇ ಹೋಗಿ ಮುಟ್ಟುತ್ತದೆ. ಊರಿನ ಪಕ್ಕದಲ್ಲಿ ಕೈಗಾರಿಕಾ ವಸಾಹತು ಇದೆ, ಸುತ್ತಲ ಹಳ್ಳಿಗಳಲ್ಲಿ ಅಂಜೂರ, ಸೀತಾಫಲ ಬೆಳೆಯುತ್ತಾರೆ. ಆದರೆ ಮೆಟ್ಟಿಲಿನ ಬುಡದ ಬದುಕು ನಿಂತಿರುವುದು ಭಂಡಾರದ ಮೇಲೆ. ಅರಿಶಿನದ ಪೊಟ್ಟಣ, ಒಣಕೊಬ್ಬರಿಯ ಬಟ್ಟಲು, ಹೂವು, ದೇವರ ಪಟ, ಮಕ್ಕಳ ಆಟಿಕೆ, ಚಹಾ, ಊಟದ ಖಾನಾವಳಿ, ರಾತ್ರಿ ಉಳಿಯಲು ಕೋಣೆ. ಇವರ ವರ್ಷಕ್ಕೆ ಹನ್ನೆರಡು ತಿಂಗಳಿಲ್ಲ. ಚಂಪಾಷಷ್ಠಿ ಇದೆ, ಚೈತ್ರ, ಪುಷ್ಯ, ಮಾಘದ ಹುಣ್ಣಿಮೆಗಳಿವೆ, ಸೋಮವಾರ ಅಮಾವಾಸ್ಯೆ ಬಿದ್ದರೆ ಪಲ್ಲಕ್ಕಿ ಕರ್ಹಾ ನದಿಗೆ ಸ್ನಾನಕ್ಕೆ ಹೋಗುವ ದಿನವಿದೆ. ಪುಷ್ಯದ ಹುಣ್ಣಿಮೆಗೆ ಕತ್ತೆಗಳ ಸಂತೆಯೂ ಕೂಡುತ್ತದೆ. ಆ ದಿನಗಳಲ್ಲಿ ಎರಡು ಕೈ ಸಾಲದಷ್ಟು ವ್ಯಾಪಾರ. ನಡುವೆ ವಾರಗಟ್ಟಲೆ ನೊಣ ಹೊಡೆಯುವುದು. ಕಂತು ಮಾತ್ರ ಪ್ರತಿ ತಿಂಗಳ 5ಕ್ಕೋ 10ಕ್ಕೋ ತಪ್ಪದೆ ಬರುತ್ತದೆ.

ಈಗ 2020ಕ್ಕೆ ಬನ್ನಿ. ಮಾರ್ಚ್‌ನಲ್ಲಿ ಗುಡಿ ಮುಚ್ಚಿತು. ರಿಸರ್ವ್ ಬ್ಯಾಂಕು ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಕಂತುಗಳನ್ನು ಮುಂದೂಡಲು ಅವಕಾಶ ಕೊಟ್ಟಿತು. ಜೂನ್ 1ರಂದು ಕೇಂದ್ರ ಸರ್ಕಾರ ಬೀದಿ ವ್ಯಾಪಾರಿಗಳಿಗೆಂದು ಪಿಎಂ ಸ್ವನಿಧಿ ಯೋಜನೆ ತಂದಿತು: 10,000 ರೂಪಾಯಿವರೆಗಿನ ಸಾಲ, ಒಂದು ವರ್ಷದ ಅವಧಿ, ತಿಂಗಳ ಕಂತು. ಸೆಪ್ಟೆಂಬರ್‌ನಿಂದ ಹಳೆಯ ಸಾಲಗಳ ಕಂತು ಮತ್ತೆ ಶುರು. ಆದರೆ ಮಹಾರಾಷ್ಟ್ರದಲ್ಲಿ ಗುಡಿಗಳ ಬಾಗಿಲು ತೆರೆದದ್ದು ನವೆಂಬರ್ 16ಕ್ಕೆ, ದೀಪಾವಳಿ ಪಾಡ್ಯದ ದಿನ. ಬಾಗಿಲು ಮುಚ್ಚಿಸಿದ್ದು ಸರ್ಕಾರ, ಅದಕ್ಕೆ ಕಾರಣವೂ ಇತ್ತು. ಆದರೆ ಆ ಎರಡೂವರೆ ತಿಂಗಳ ಕಂತನ್ನು ಭಂಡಾರ ಮಾರುವವಳು ಯಾವ ಗಲ್ಲೆಯಿಂದ ತೆಗೆದು ಕಟ್ಟಬೇಕಿತ್ತು? 2021ರ ಏಪ್ರಿಲ್‌ನಲ್ಲಿ ಗುಡಿ ಮತ್ತೆ ಮುಚ್ಚಿತು, ತೆರೆದದ್ದು ಅಕ್ಟೋಬರ್ 7ಕ್ಕೆ. ಸಾಲವನ್ನು ಎನ್‌ಪಿಎ (ಅನುತ್ಪಾದಕ ಸಾಲ) ಎಂದು ಘೋಷಿಸಬೇಡಿರೆಂದು ಸುಪ್ರೀಂ ಕೋರ್ಟು 2020ರ ಸೆಪ್ಟೆಂಬರ್‌ನಲ್ಲಿ ಮಧ್ಯಂತರ ಆದೇಶ ಕೊಟ್ಟಿದ್ದೇನೋ ನಿಜ. 2021ರ ಮಾರ್ಚ್‌ನಲ್ಲಿ ಅದು ತೆರವಾಯಿತು. ಕಂತಿನ ತಾರೀಖು ಮಾತ್ರ ಎಲ್ಲಿಯೂ ಸರಿದಿರಲಿಲ್ಲ.

ಗಡಿಯ ಈಚೆ ಕರ್ನಾಟಕ ಸರ್ಕಾರ ಗುಡಿಗಳನ್ನು ತೆರೆಯಲು ಒಪ್ಪಿದ್ದು 2020ರ ಜೂನ್ 8ಕ್ಕೆ. ಜಾತ್ರೆಗೆ ಅನುಮತಿಯಿರಲಿಲ್ಲ, ಸವದತ್ತಿ ಎಲ್ಲಮ್ಮನಂಥ ಕೆಲವು ಗುಡಿಗಳನ್ನು ಜಿಲ್ಲಾಡಳಿತ ಆಮೇಲೂ ಮುಚ್ಚಿಸಿಯೇ ಇಟ್ಟಿತ್ತು. ಅಂದರೆ ಒಂದೇ ದೇವರ ಹೆಸರಿನಲ್ಲಿ ಭಂಡಾರ ಮಾರುವ ಇಬ್ಬರಲ್ಲಿ ಒಬ್ಬಳಿಗೆ ಜೂನ್‌ನಲ್ಲಿ ನಾಲ್ಕು ಕಾಸು ಕಾಣಿಸಿತು, ಇನ್ನೊಬ್ಬಳಿಗೆ ನವೆಂಬರ್‌ವರೆಗೆ ಇಲ್ಲ. ಇಬ್ಬರಿಗೂ ರಿಸರ್ವ್ ಬ್ಯಾಂಕಿನ ಪಂಚಾಂಗ ಒಂದೇ. ಆರು ತಿಂಗಳ ಬಳಿಕ ಇಬ್ಬರ ಸಿಬಿಲ್ ವರದಿ ತೆಗೆದರೆ ಒಬ್ಬಳು ಶಿಸ್ತಿನವಳು, ಇನ್ನೊಬ್ಬಳು ಬೇಜವಾಬ್ದಾರಿ. ಮುಂಬೈಯ ಮಂತ್ರಾಲಯದ ಒಂದು ಆದೇಶ ಮತ್ತು ಬೆಂಗಳೂರಿನ ಇನ್ನೊಂದು ಆದೇಶದ ನಡುವಿನ ಅಂತರ ಇಬ್ಬರು ಹೆಂಗಸರ ನಡತೆಯ ಅಂತರವಾಗಿ ದಾಖಲಾಗುತ್ತದೆ.

ವರದಿಯನ್ನು ಒಮ್ಮೆಯಾದರೂ ಕಣ್ಣಾರೆ ನೋಡಿದವರಿಗೆ ಇದು ಅರ್ಥವಾಗುತ್ತದೆ. ಹೆಚ್ಚಿನವರು ನೋಡಿರುವುದು ಅಂಕವನ್ನು, ಆಪಿನಲ್ಲಿ ಹಸಿರು ಕೆಂಪು ಬಣ್ಣದ ಅರ್ಧವೃತ್ತದಲ್ಲಿ. ವರದಿ ಬೇರೆಯೇ ವಸ್ತು. ಅದರಲ್ಲಿ ಪ್ರತಿ ಸಾಲಕ್ಕೂ ತಿಂಗಳುಗಳ ಮನೆಗಳಿರುವ ಒಂದು ಪಟ್ಟಿ ಇದೆ. ಪ್ರತಿ ಮನೆಯಲ್ಲಿ ಎಷ್ಟು ದಿನ ತಡವಾಯಿತೆಂಬ ಸಂಖ್ಯೆ. ಯಾಕೆ ತಡವಾಯಿತೆಂದು ಬರೆಯಲು ಅಲ್ಲಿ ಮನೆಯಿಲ್ಲ. ‘ಸೆಟಲ್ಡ್’ ಎಂದರೆ ಒಂದಿಷ್ಟು ಬಿಟ್ಟುಕೊಟ್ಟು ಮುಗಿಸಿದ ಸಾಲ. ‘ರಿಟನ್ ಆಫ್’ ಎಂದರೆ ಬ್ಯಾಂಕು ಕೈಬಿಟ್ಟ ಸಾಲ. ಯಾರಿಗೋ ಜಾಮೀನು ಹಾಕಿದ್ದರೆ ಅದೂ ನಿಮ್ಮ ವರದಿಯಲ್ಲೇ ಇರುತ್ತದೆ, ಆತ ಕಟ್ಟದೆ ಬಿಟ್ಟದ್ದು ನಿಮಗೆ ತಿಳಿದಿರಲಿ ಬಿಡಲಿ. ಇಷ್ಟನ್ನೂ ಬರೆಯುವುದು ಸಾಲ ಕೊಟ್ಟವರು. ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಎಂಬ ನಾಲ್ಕು ಕಂಪನಿಗಳು ಅದನ್ನು ಕೂಡಿಸಿ, ಅಂಕ ಹಾಕಿ, ಮಾರುತ್ತವೆ. ಸರಳವಾಗಿ ಹೇಳಬೇಕೆಂದರೆ ಇದು ವ್ಯವಹಾರದ ಒಂದು ಪಕ್ಷದವರು ಇನ್ನೊಂದು ಪಕ್ಷದವರ ಮೇಲೆ, ಅವರ ಬೆನ್ನ ಹಿಂದೆ, ತಿಂಗಳು ತಿಂಗಳೂ ಕೊಡುತ್ತ ಬಂದ ಹೇಳಿಕೆ. 2025ರ ಜನವರಿಯಲ್ಲಿ ಅದು ಹದಿನೈದು ದಿನಕ್ಕೊಮ್ಮೆ ಆಯಿತು. ಪಾಟೀಸವಾಲು ಇಲ್ಲದ ಸಾಕ್ಷಿಯನ್ನು ಯಾವ ನ್ಯಾಯಾಲಯವೂ ಹೀಗೆ ಕಣ್ಣುಮುಚ್ಚಿ ಒಪ್ಪುವುದಿಲ್ಲ.

ಕಾರಣವನ್ನು ಲೆಕ್ಕಕ್ಕೆ ಹಿಡಿಯುವುದು ಬ್ಯಾಂಕುಗಳಿಗೆ ಅಸಾಧ್ಯವೆಂದು ಯಾರಾದರೂ ಹೇಳಿದರೆ ನಂಬಬೇಡಿ. ಬೆಳೆಸಾಲದಲ್ಲಿ ಅದನ್ನು ಮಾಡುತ್ತಲೇ ಬಂದಿದ್ದಾರೆ. ಬೇರೆ ಸಾಲ 90 ದಿನ ಬಾಕಿಯಾದರೆ ಎನ್‌ಪಿಎ. ಅಲ್ಪಾವಧಿ ಬೆಳೆಯ ಸಾಲ ಎರಡು ಹಂಗಾಮು ಬಾಕಿಯಾದರೆ ಮಾತ್ರ. ಸುಗ್ಗಿ ಬರುವತನಕ ರೈತನ ಕೈಯಲ್ಲಿ ಕಾಸಿರುವುದಿಲ್ಲ ಎಂಬ ಸತ್ಯ ರಿಸರ್ವ್ ಬ್ಯಾಂಕಿನ ನಿಯಮದೊಳಗೆ ಬರೆದಿಟ್ಟಿದೆ. ಜೇಜುರಿಯ ಅಂಗಡಿಯವಳ ಸುಗ್ಗಿ ಸೋಮವತಿ ಅಮಾವಾಸ್ಯೆಗೆ ಬರುತ್ತದೆ ಎಂಬುದನ್ನು ಬರೆಯಲು ಯಾರಿಗೂ ತೋಚಲಿಲ್ಲ, ಅಷ್ಟೇ.

ಎದುರು ಪಕ್ಷದ ಒಂದು ಮಾತನ್ನು ಮಾತ್ರ ತಳ್ಳಿಹಾಕಲಾಗದು. ಈ ದಾಖಲೆ ಇಲ್ಲದ ಕಾಲದಲ್ಲಿ ಬಡವರು ಸುಖವಾಗಿದ್ದರೇ? ಇರಲಿಲ್ಲ. ಮ್ಯಾನೇಜರಿಗೆ ಪರಿಚಯವಿದ್ದವನಿಗೆ, ಊರ ಗೌಡನ ಶಿಫಾರಸು ತಂದವನಿಗೆ ಸಾಲ ಸಿಗುತ್ತಿತ್ತು. ಉಳಿದವರು ಸಾವುಕಾರನ ಕಟ್ಟೆಗೆ ಹೋಗುತ್ತಿದ್ದರು. 2010ರಲ್ಲಿ ಆಂಧ್ರದ ಮೈಕ್ರೋಫೈನಾನ್ಸ್ ಕುಸಿದದ್ದು ಒಬ್ಬಳೇ ಹೆಂಗಸಿಗೆ ನಾಲ್ಕಾರು ಸಂಸ್ಥೆಗಳು ಒಂದರ ಮೇಲೊಂದು ಸಾಲ ಹೇರಿದ್ದರಿಂದಲೂ ಹೌದು. ಮರುವರ್ಷ ಮಾಲೇಗಾಮ್ ಸಮಿತಿ ಇಂಥ ಸಾಲಗಳಿಗೂ ಮಾಹಿತಿ ಕೇಂದ್ರ ಬೇಕೆಂದು ಹೇಳಿದ್ದು ಸರಿಯಾಗಿಯೇ ಇತ್ತು. ದಾಖಲೆ ಬೇಕು. ಆದರೆ ದಾಖಲೆ ಬೇಕು ಎಂಬುದರಿಂದ ದಾಖಲೆಯಲ್ಲಿರುವುದೆಲ್ಲ ನಿಜ ಎಂಬಲ್ಲಿಗೆ ಹಾರಿದರಲ್ಲ, ನನ್ನ ಜಗಳ ಆ ಹಾರಿಕೆಯ ಮೇಲೆ.

ದಾಖಲೆ ಸುಳ್ಳಾಗುವುದು ಎಷ್ಟು ಸಲೀಸು ಎಂದು ತಿಳಿಯಲು ನಮ್ಮ ಹೆಸರುಗಳನ್ನೇ ನೋಡಬೇಕು. ಖಂಡೋಬನ ಒಕ್ಕಲಿನಲ್ಲಿ ಆತನ ಹೆಸರಿಡುವುದು ರೂಢಿ. ಆ ಕಡೆ ಖಂಡೂ, ಖಂಡೇರಾವ್, ಮಲ್ಹಾರಿ, ಮಾರ್ತಾಂಡ. ಈ ಕಡೆ ಮಲ್ಲಪ್ಪ, ಮಲ್ಲಯ್ಯ, ಮೈಲಾರಪ್ಪ. ಒಂದು ಓಣಿಯಲ್ಲಿ ಕೂಗಿದರೆ ಮೂರು ಮನೆಯಿಂದ ಓಗೊಡುತ್ತಾರೆ. ಇನ್ನು ಹುಟ್ಟಿದ ದಿನ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ಜೂನ್ 1 ಎರಡೂ ರಾಜ್ಯಗಳ ಹಳ್ಳಿಗಳಲ್ಲಿ ಎಷ್ಟು ಜನರ ಜನ್ಮದಿನವೋ ಲೆಕ್ಕವಿಲ್ಲ. ವಿಳಾಸದಲ್ಲಿ ಮನೆ ನಂಬರು ಇರುವುದಿಲ್ಲ. ಊರು, ಅಂಚೆ, ತಾಲ್ಲೂಕು. ಆಧಾರಿನಲ್ಲಿ ಒಂದು ಕಾಗುಣಿತ, ಪಾನ್ ಕಾರ್ಡಿನಲ್ಲಿ ಇನ್ನೊಂದು. ಅಪ್ಪನ ಹೆಸರು ಒಮ್ಮೆ ನಡುವೆ, ಒಮ್ಮೆ ಕೊನೆಗೆ, ಒಮ್ಮೆ ಬಿಟ್ಟೇಹೋಗಿರುತ್ತದೆ. ಒಂದೇ ಹೆಸರು, ಒಂದೇ ಹುಟ್ಟಿದ ದಿನ, ಒಂದೇ ಊರಿನ ಇಬ್ಬರ ಸಾಲಗಳು ಕಂಪ್ಯೂಟರಿನಲ್ಲಿ ಒಂದಾದರೆ ಅಚ್ಚರಿಪಡಬೇಕಿಲ್ಲ.

ಇದು ನನ್ನ ಊಹೆಯ ಭೂತವಲ್ಲ. ಸಿಬಿಲ್‌ನ ಬಹುಪಾಲು ಒಡೆತನ ಇರುವುದು ಷಿಕಾಗೋದ ಟ್ರಾನ್ಸ್‌ಯೂನಿಯನ್ ಕಂಪನಿಯ ಕೈಯಲ್ಲಿ. 2011ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹೆಂಡತಿ, ಮಾವನ ಜೊತೆ ಕಾರು ಕೊಳ್ಳಲು ಹೋದ ಒಬ್ಬನಿಗೆ ಡೀಲರು ಮಾರಲು ಒಪ್ಪಲಿಲ್ಲ. ಆತನ ಹೆಸರು ಭಯೋತ್ಪಾದಕರ, ಮಾದಕ ಸಾಗಣೆದಾರರ ಸರ್ಕಾರಿ ಪಟ್ಟಿಯ ಹೆಸರಿಗೆ ಹೊಂದುತ್ತದೆಂದು ಟ್ರಾನ್ಸ್‌ಯೂನಿಯನ್ ವರದಿ ಹೇಳಿತ್ತು. ಕಂಪನಿ ಹೋಲಿಸಿದ್ದು ಬರೀ ಮೊದಲ ಹೆಸರು ಮತ್ತು ಕೊನೆಯ ಹೆಸರು; ಹುಟ್ಟಿದ ದಿನವನ್ನೂ ತಾಳೆ ನೋಡಿರಲಿಲ್ಲ. ಹೀಗೆ ಸಿಕ್ಕಿಬಿದ್ದವರು 8,185 ಮಂದಿ. 2021ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಯಾರ ವರದಿ ನಿಜವಾಗಿ ಹೊರಗೆ ಹೋಗಿತ್ತೋ ಆ 1,853 ಜನರಿಗಷ್ಟೇ ಪರಿಹಾರ ಕೇಳುವ ಹಕ್ಕಿದೆ ಎಂದು ತೀರ್ಪು ಕೊಟ್ಟಿತು. ಅಲ್ಲಿ ಈ ವಿಷಯದ ಕಾನೂನು ಇರುವುದು 1970ರಿಂದ. ಅಷ್ಟು ಹಳೆಯ ಕಾನೂನಿನ ನೆರಳಿನಲ್ಲಿಯೇ ಹೀಗಾದರೆ, ಮಲ್ಲಪ್ಪನ ಜೂನ್ 1ರ ಬಗ್ಗೆ ಯಾರು ಎಷ್ಟು ಕಾಳಜಿ ವಹಿಸಿಯಾರು?

“ತಪ್ಪಿದ್ದರೆ ದೂರು ಕೊಡಿ, ತಿದ್ದುತ್ತಾರೆ” ಎಂಬುದು ಮುಂದಿನ ಮಾತು. ಈ ವಿಷಯದಲ್ಲಿ ನಮ್ಮ ಕಾನೂನು 2005ರದು, ಜಾರಿಗೆ ಬಂದದ್ದು 2006ರ ಡಿಸೆಂಬರ್‌ನಲ್ಲಿ. ಅದರ 21ನೆಯ ಕಲಮು ಸಾಲಗಾರನಿಗೆ ತನ್ನ ಮಾಹಿತಿ ಕೇಳುವ ಮತ್ತು ತಿದ್ದಿಸುವ ಹಕ್ಕು ಕೊಡುತ್ತದೆ; ಕೋರಿಕೆ ಬಂದ ಮೂವತ್ತು ದಿನದೊಳಗೆ ಕ್ರಮ ಕೈಗೊಳ್ಳಬೇಕು. ಇಷ್ಟು ಓದಿ ಪುಸ್ತಕ ಮುಚ್ಚಿದವರಿಗೆ ಸಮಾಧಾನವಾಗುತ್ತದೆ. ಅದೇ ಕಲಮಿನ ಷರತ್ತುಗಳನ್ನೂ ಓದಬೇಕು. ಸಂಬಂಧಪಟ್ಟ ಬ್ಯಾಂಕು ತಿದ್ದುಪಡಿ ಸರಿಯೆಂದು ದೃಢೀಕರಿಸಿದ ಮೇಲೆಯೇ ಕಂಪನಿ ತಿದ್ದಬೇಕು. ವ್ಯಾಜ್ಯ ನ್ಯಾಯಾಲಯದಲ್ಲೋ ಮಧ್ಯಸ್ಥರ ಮುಂದೆಯೋ ಇದ್ದರೆ ತಿದ್ದುವಂತೆಯೇ ಇಲ್ಲ. ಅಲ್ಲಿಯವರೆಗೆ ಬ್ಯಾಂಕಿನ ಲೆಕ್ಕದ ಪುಸ್ತಕದಲ್ಲಿ ಇರುವುದೇ ನಡೆಯುತ್ತದೆ. ಯಾರ ಮೇಲೆ ದೂರೋ ಅವರ ಖಾತೆ ಪುಸ್ತಕವೇ ಪ್ರಮಾಣ! ಕೋರ್ಟಿಗೆ ಹೋದವನಿಗೆ ಸಿಗುವ ಮೊದಲ ಬಹುಮಾನವೆಂದರೆ ವ್ಯಾಜ್ಯ ಮುಗಿಯುವತನಕ ಕಳಂಕ ಅಳಿಸದಿರುವುದು. ಇನ್ನೊಂದು ಅಂತರ ನೋಡಿ: ಅಮೆರಿಕದಲ್ಲಿ ಹೆಚ್ಚಿನ ಕೆಟ್ಟ ಮಾಹಿತಿಯನ್ನು ಏಳು ವರ್ಷಕ್ಕಿಂತ ಹೆಚ್ಚು ಕಾಲ ವರದಿ ಮಾಡುವಂತಿಲ್ಲ. ನಮ್ಮಲ್ಲಿ ಏಳು ವರ್ಷ ಎಂಬುದು ಮಾಹಿತಿಯನ್ನು ಕಾಪಿಡಬೇಕಾದ ಕನಿಷ್ಠ ಅವಧಿ. ಅಲ್ಲಿ ಮರೆಯಲು ಗಡುವು, ಇಲ್ಲಿ ನೆನಪಿಡಲು.

ರಿಸರ್ವ್ ಬ್ಯಾಂಕು ಕೈಕಟ್ಟಿ ಕೂತಿಲ್ಲ, ಅದನ್ನೂ ಹೇಳಬೇಕು. 2017ರಿಂದ ಪ್ರತಿ ಕಂಪನಿಯೂ ವರ್ಷಕ್ಕೊಂದು ಪೂರ್ಣ ವರದಿಯನ್ನು ಅಂಕಸಮೇತ ಪುಕ್ಕಟೆ ಕೊಡಬೇಕು; ನಾಲ್ಕು ಕಂಪನಿ, ನಾಲ್ಕು ವರದಿ. 2022ರ ಸೆಪ್ಟೆಂಬರ್‌ನಿಂದ ಈ ಕಂಪನಿಗಳ ಮೇಲೆ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. 2023ರ ಅಕ್ಟೋಬರ್ 26ರ ಸುತ್ತೋಲೆಗಳು ಇನ್ನೂ ಮುಂದೆ ಹೋದವು: ನಿಮ್ಮ ವರದಿಯನ್ನು ಯಾರಾದರೂ ತೆಗೆದು ನೋಡಿದರೆ, ಬಾಕಿಯೆಂದು ಬ್ಯಾಂಕು ಬರೆದು ಕಳಿಸಿದರೆ ಮೊಬೈಲಿಗೆ ಸಂದೇಶ ಬರಬೇಕು; ತಿದ್ದುವುದು ಮೂವತ್ತು ದಿನ ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ. ಇಪ್ಪತ್ತೊಂದು ದಿನ ಬ್ಯಾಂಕಿನ ಪಾಲು, ಉಳಿದ ಒಂಬತ್ತು ಕಂಪನಿಯ ಪಾಲು. ಇದು 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ.

ಪತ್ರಿಕೆಗಳು ಇದನ್ನು ದೊಡ್ಡ ಗೆಲುವೆಂದು ಬರೆದವು. ಸ್ವಲ್ಪ ಗುಣಾಕಾರ ಮಾಡೋಣ. ತಪ್ಪು ದಾಖಲೆಯಿಂದಾಗಿ 20 ಲಕ್ಷದ ಮನೆಸಾಲಕ್ಕೆ ಶೇಕಡಾ 1ರಷ್ಟು ಬಡ್ಡಿ ಹೆಚ್ಚು ಬಿದ್ದರೆ ಮೊದಲ ವರ್ಷವೊಂದರಲ್ಲೇ ಹತ್ತಿರ ಹತ್ತಿರ 20,000 ರೂಪಾಯಿ ನಷ್ಟ. ಅದನ್ನು ಈ ಪರಿಹಾರದಿಂದ ತುಂಬಿಸಿಕೊಳ್ಳಬೇಕಾದರೆ ಗಡುವು ಮುಗಿದ ಮೇಲೂ ಇನ್ನೂರು ದಿನ ತಪ್ಪು ತಪ್ಪಾಗಿಯೇ ಉಳಿಯಬೇಕು! ಗಡುವಿನೊಳಗೆ ತಿದ್ದಿಬಿಟ್ಟರೆ ಮೊದಲು ತಪ್ಪು ಬರೆದದ್ದಕ್ಕೆ ಈ ಲೆಕ್ಕದಲ್ಲಿ ಒಂದು ಪೈಸೆಯೂ ಇಲ್ಲ. ಅಂಕದ ಬಗ್ಗೆ, ಅಂಕ ಹಾಕುವ ಸೂತ್ರದ ಬಗ್ಗೆ ತಕರಾರೆತ್ತಿದರೆ ಈ ಪರಿಹಾರ ಅನ್ವಯಿಸುವುದೇ ಇಲ್ಲ ಎಂದು ಸುತ್ತೋಲೆ ಹೇಳುತ್ತದೆ. ಊರೆಲ್ಲ ಪೂಜಿಸುವ ಆ ಮೂರಂಕಿಯ ಒಳಗುಟ್ಟಿಗೆ ಬೀಗ. ಮೊಬೈಲ್ ಸಂದೇಶದ ಮಾತು ಒಳ್ಳೆಯದೇ. ಬ್ಯಾಂಕಿನಲ್ಲಿ ಇರುವುದು ಹಳೆಯ ಸಿಮ್ಮಿನ ನಂಬರಾದರೆ ಆ ಸಂದೇಶ ಯಾರ ಜೇಬಿನಲ್ಲಿ ಟಿಣ್ ಅನ್ನುತ್ತದೋ ದೇವರಿಗೇ ಗೊತ್ತು.

ಬೇಗ ತಿದ್ದುವುದು ಸಾಧ್ಯವೇ ಇಲ್ಲವೇ? ಸಾಧ್ಯವಿದೆ. 2022ರ ಫೆಬ್ರುವರಿಯಲ್ಲಿ ಚಿತ್ರನಟಿ ಸನ್ನಿ ಲಿಯೋನ್ ತಮ್ಮ ಪಾನ್ ನಂಬರು ಬಳಸಿ ಯಾರೋ 2,000 ರೂಪಾಯಿ ಸಾಲ ಎತ್ತಿದ್ದಾರೆ, ತಮ್ಮ ಸಿಬಿಲ್ ಹಾಳಾಗಿದೆ ಎಂದು ಟ್ವಿಟರಿನಲ್ಲಿ ಬೈದರು. ಸ್ವಲ್ಪದರಲ್ಲೇ ಎಲ್ಲ ಸರಿಹೋಯಿತೆಂದು ಅವರೇ ಧನ್ಯವಾದ ಹೇಳಿದರು. ಅದೇ ದಿನಗಳಲ್ಲಿ ಅದೇ ಬಗೆಯ ದೂರು ಹೇಳಿಕೊಂಡ ಸಾಮಾನ್ಯರು ಅನೇಕರಿದ್ದರು. ಮೂವತ್ತು ದಿನ ಬೇಕಾಗುವುದು ತಿದ್ದುವ ಕೆಲಸಕ್ಕಲ್ಲ, ತಿದ್ದಬೇಕೆಂದು ಅನ್ನಿಸುವುದಕ್ಕೆ.

ಈ ನಡುವೆ ವರದಿ ತನ್ನ ಅಂಗಳ ದಾಟಿ ಬೇರೆ ಕಡೆಗೂ ನುಗ್ಗಿದೆ. 2025ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟು, ಸಾಲದ ಚರಿತ್ರೆ ಸರಿಯಿಲ್ಲವೆಂದು ಅಭ್ಯರ್ಥಿಯ ನೇಮಕವನ್ನು ಸ್ಟೇಟ್ ಬ್ಯಾಂಕು ರದ್ದುಮಾಡಿದ್ದನ್ನು ಎತ್ತಿಹಿಡಿಯಿತು. ಸಾರ್ವಜನಿಕರ ಹಣ ನಿಭಾಯಿಸುವವನಿಗೆ ಹಣಕಾಸಿನ ಶಿಸ್ತು ಬೇಕು ಎಂಬುದು ತರ್ಕ. ಅದಕ್ಕಿಂತ ಎರಡು ವರ್ಷ ಮೊದಲು ಕೇರಳ ಹೈಕೋರ್ಟು ಕಡಿಮೆ ಅಂಕವೊಂದನ್ನೇ ಮುಂದಿಟ್ಟು ವಿದ್ಯಾರ್ಥಿಯ ಶಿಕ್ಷಣ ಸಾಲ ನಿರಾಕರಿಸಬಾರದು ಎಂದಿತ್ತು. ಸಾಲವಿರುವವನಿಗೆ ಕೆಲಸ ಕೊಡದಿದ್ದರೆ ಅವನು ಸಾಲ ತೀರಿಸುವುದು ಹೇಗೆಂದು ಕೇಳಲು ಕಾನೂನು ಪದವಿ ಬೇಕಿಲ್ಲ. ಕೇರಳದ ನ್ಯಾಯಾಲಯದ ದಾರಿಯೇ ಸರಿ.

ಇನ್ನು ರಾಜಕಾರಣಿಗಳು. 2025ರ ಮೇನಲ್ಲಿ ರಾಜ್ಯಮಟ್ಟದ ಬ್ಯಾಂಕರುಗಳ ಸಭೆಯಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿ ದೇವೇಂದ್ರ ಫಡಣವೀಸ್, ಬೆಳೆಸಾಲಕ್ಕೆ ಸಿಬಿಲ್ ಕೇಳುವ ಬ್ಯಾಂಕುಗಳ ಮೇಲೆ ಎಫ್‌ಐಆರ್ ಹಾಕುವುದಾಗಿ ಎಚ್ಚರಿಸಿದರು. ಚಪ್ಪಾಳೆ ಬಿತ್ತು. ನನಗೆ ಇದೂ ಅದೇ ತಪ್ಪು ನಂಬಿಕೆಯ ಮಗ್ಗುಲಾಗಿ ಕಾಣುತ್ತದೆ. ವರದಿ ನಿಜವನ್ನೇ ಹೇಳುತ್ತದೆಂದು ಒಳಗೊಳಗೆ ಒಪ್ಪಿಕೊಂಡು, ನಮ್ಮವರ ಮಟ್ಟಿಗೆ ನೋಡಬೇಡಿ ಎಂದು ಗದರಿಸುವ ಉಪಾಯ ಇದು. ಪುರಂದರದ ಅಂಜೂರದ ರೈತನಿಗೆ ಸಭೆ ನಡೆದ ಹಂಗಾಮಿನಲ್ಲಿ ಸಾಲ ಸಿಕ್ಕಿರಬಹುದು, ಅವನ ದಾಖಲೆಯ ತಪ್ಪು ತಪ್ಪಾಗಿಯೇ ಇರುತ್ತದೆ; ಮಗಳ ಕಾಲೇಜಿಗೆ ಸಾಲ ಕೇಳಲು ಹೋದಾಗ ಮತ್ತೆ ಎದ್ದುನಿಲ್ಲುತ್ತದೆ. ಭಂಡಾರ ಮಾರುವವಳಿಗಂತೂ ಎಫ್‌ಐಆರ್ ಹಾಕಿಸುವ ಮುಖ್ಯಮಂತ್ರಿಯೂ ಇಲ್ಲ. ಕೇಂದ್ರ ಅರ್ಥಖಾತೆಯ ರಾಜ್ಯಸಚಿವರು ಅದೇ ವರ್ಷ ಸಂಸತ್ತಿನಲ್ಲಿ ಹೇಳಿದ್ದು ಇದಕ್ಕಿಂತ ಉಪಯೋಗದ ಮಾತು: ಸಾಲಕ್ಕೆ ಇಂತಿಷ್ಟೇ ಅಂಕ ಬೇಕೆಂದು ರಿಸರ್ವ್ ಬ್ಯಾಂಕು ಎಲ್ಲೂ ಹೇಳಿಲ್ಲ, ಮೊದಲ ಸಲ ಸಾಲ ಕೇಳುವವರನ್ನು ಚರಿತ್ರೆಯಿಲ್ಲವೆಂಬ ಒಂದೇ ಕಾರಣಕ್ಕೆ ತಿರಸ್ಕರಿಸಬಾರದು. ‘750 ಇಲ್ಲದಿದ್ದರೆ ಫೈಲ್ ಮುಂದೆ ಹೋಗಲ್ಲ’ ಎಂದು ಕೌಂಟರಿನಲ್ಲಿ ಹೇಳಿಸಿಕೊಂಡವರು ಇದನ್ನು ಬರೆದಿಟ್ಟುಕೊಳ್ಳಬೇಕು. ಅದು ದೇಶದ ಕಾನೂನಲ್ಲ, ಆ ಬ್ಯಾಂಕಿನ ಆಯ್ಕೆ.

ಬೇಕಾದ ಬದಲಾವಣೆಗಳು ಕಣ್ಣಿಗೆ ಕಾಣುವಂಥವು. ತಗಾದೆ ಬಂದೊಡನೆ ಅದನ್ನು ಸಾಬೀತು ಮಾಡುವ ಭಾರ ಬರೆದವರ ಮೇಲೆ ಬೀಳಬೇಕು, ಗಡುವಿನೊಳಗೆ ಕಾಗದಪತ್ರ ತೋರಿಸದಿದ್ದರೆ ಆ ಸಾಲು ಅಳಿಯಬೇಕು. ಅಮೆರಿಕದ ಕಾನೂನಿನಲ್ಲಿ ವಿವಾದ ಬಗೆಹರಿಯದಿದ್ದರೆ ಗ್ರಾಹಕ ತನ್ನ ಮಾತನ್ನು ನೂರು ಪದಗಳಷ್ಟಾದರೂ ಬರೆದು ವರದಿಗೆ ಅಂಟಿಸಬಹುದು. ನಮ್ಮ ಪಟ್ಟಿಯ ಮನೆಗಳ ಪಕ್ಕದಲ್ಲೂ ಅಂಥ ಜಾಗ ಬೇಕು. ‘2020 ಸೆಪ್ಟೆಂಬರ್, ಅಕ್ಟೋಬರ್: ಸರ್ಕಾರದ ಆದೇಶದಂತೆ ಗುಡಿ ಮುಚ್ಚಿತ್ತು’ ಎನ್ನಲು ನೂರು ಪದ ಕೂಡ ಬೇಡ.

ಹೊಸ ಕಾನೂನು ಬರುವತನಕ ಕಾಯದೆಯೂ ಆಗುವ ಕೆಲಸ ಒಂದಿದೆ. ವರದಿಯ ಆಧಾರದ ಮೇಲೆ ಸಾಲ ನಿರಾಕರಿಸಿದರೆ ಮೂವತ್ತು ದಿನದೊಳಗೆ ಕಾರಣ ಬರೆದು, ವರದಿಯ ಪ್ರತಿ ಲಗತ್ತಿಸಿ, ಅದನ್ನು ಕೊಟ್ಟ ಕಂಪನಿಯ ಹೆಸರು ವಿಳಾಸದ ಸಮೇತ ಅರ್ಜಿದಾರನಿಗೆ ಕಳಿಸಬೇಕೆಂದು 2005ರ ಕಾನೂನಿನಡಿಯ 2006ರ ನಿಯಮಾವಳಿಯೇ ಹೇಳುತ್ತದೆ. ಕೌಂಟರಿನಲ್ಲಿ ಸಿಗುವುದೋ ಬಾಯಿಮಾತು: “ನಿಮ್ಮ ಸಿಬಿಲ್ ಖರಾಬ್ ಐತ್ರಿ, ಆಗೂದಿಲ್ಲ.” ಆ ಪತ್ರ ಕೈಗೆ ಬಂದರೆ ಯಾವ ಸಾಲ, ಯಾವ ತಿಂಗಳು, ಬರೆದವರು ಯಾರು ಎಂಬುದು ತಿಳಿಯುತ್ತದೆ, ಓಂಬುಡ್ಸ್‌ಮನ್‌ಗೆ ಹೋಗಲು ದಾಖಲೆ ಸಿಗುತ್ತದೆ. ಮಹಾರಾಷ್ಟ್ರದ ಬ್ಯಾಂಕರುಗಳ ಸಮಿತಿಯ ಸಂಚಾಲಕತ್ವ ಪುಣೆಯಲ್ಲೇ ಮುಖ್ಯ ಕಚೇರಿಯಿರುವ ಬ್ಯಾಂಕ್ ಆಫ್ ಮಹಾರಾಷ್ಟ್ರದ್ದು. ಮುಂದಿನ ಸಭೆಯಲ್ಲಿ ಎಫ್‌ಐಆರ್ ಮಾತು ಬಿಟ್ಟು ಮುಖ್ಯಮಂತ್ರಿಗಳು ಎರಡೇ ಲೆಕ್ಕ ಕೇಳಲಿ: ಜೇಜುರಿ, ಪಕ್ಕದ ಸಾಸವಡದ ಶಾಖೆಗಳು ಹೋದ ವರ್ಷ ವರದಿ ನೋಡಿ ತಿರಸ್ಕರಿಸಿದ ಅರ್ಜಿಗಳೆಷ್ಟು, ಅವುಗಳಲ್ಲಿ ಎಷ್ಟು ಜನರಿಗೆ ಈ ಪತ್ರ ಹೋಯಿತು?